ಫಿಲ್ಲಿಂಗ್ ಅಂಚು ವರ್ಷಗಟ್ಟಲೆ ಬಿಡದಂತೆ ಬಾಂಡಿಂಗ್ ಮಾಡುವ ಬಗೆ

ಹಲ್ಲಿನ ಬಣ್ಣದ ಫಿಲ್ಲಿಂಗ್ ಕೆಡುವುದು ಹೆಚ್ಚಾಗಿ ಅಂಚಿನಿಂದ. ಮೇಲಿನಿಂದ ನೋಡಿದರೆ ಕಾಂಪೊಸಿಟ್, ಅಂದರೆ ಗುಂಡಿಗೆ ತುಂಬಿದ ಹಲ್ಲಿನ ಬಣ್ಣದ ವಸ್ತು, ಗಟ್ಟಿಯಾಗಿ ಕೂತಿರುತ್ತದೆ. ಕೆಳಗೆ, ಎರಡು ದವಡೆ ಹಲ್ಲುಗಳ ಸಂದಿಯಲ್ಲಿ, ವಸಡಿಗೆ ತಾಗುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಜೊಲ್ಲು ಒಳಗಿಳಿದು, ಹುಳುಕು ಮತ್ತೆ ಶುರುವಾಗಿರುತ್ತದೆ. ಮಾಡಿಸಿಕೊಂಡವರಿಗೆ ಇದು ಗೊತ್ತಾಗುವುದು ತಣ್ಣೀರು ಕುಡಿದಾಗ ಹಲ್ಲು ಜುಮ್ಮೆಂದ ದಿನ. ಅಷ್ಟು ಹೊತ್ತಿಗೆ ಕೆಲವು ಸಲ ನರದವರೆಗೂ ಹೋಗಿರುತ್ತದೆ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ತಾಲ್ಲೂಕು ಊರುಗಳಲ್ಲಿ ಒಂದು ಕುರ್ಚಿ, ಒಬ್ಬ ಸಹಾಯಕಿ ಇಟ್ಟುಕೊಂಡು ಕ್ಲಿನಿಕ್ ನಡೆಸುವ ಕಿರಿಯ ದಂತವೈದ್ಯರಿಗೆ, ಅವರ ಸಹಾಯಕರಿಗೆ ಈ ಬರಹ. ಫಿಲ್ಲಿಂಗ್ ಮಾಡಿಸಿಕೊಳ್ಳುವವರು ಓದಿದರೆ, ವೈದ್ಯರು ಬಾಯಿಗೆ ರಬ್ಬರ್ ಹಾಳೆ ಕಟ್ಟಿ ಇಷ್ಟು ಹೊತ್ತು ಯಾಕೆ ಕೂರಿಸುತ್ತಾರೆ ಎಂಬುದಾದರೂ ತಿಳಿಯುತ್ತದೆ. ಬಾಂಡಿಂಗಿಗೆ, ಅಂದರೆ ಫಿಲ್ಲಿಂಗನ್ನು ಹಲ್ಲಿಗೆ ಅಂಟಿಸಲು, ಯಾವ ಕಂಪನಿಯ ಅಂಟಿನ ಬಾಟಲಿ ತರಬೇಕು ಎಂಬ ಪ್ರಶ್ನೆಯೇ ಎಲ್ಲರ ಬಾಯಲ್ಲಿ ಮೊದಲು ಬರುತ್ತದೆ. ಬಾಟಲಿಗೆ ಅದರದೇ ಪಾತ್ರವಿದೆ, ನಿಜ. ಆದರೆ ಅಂಚು ಎಷ್ಟು ವರ್ಷ ಹಿಡಿಯುತ್ತದೆ ಎಂಬುದು ಬಹುಪಾಲು ನಿಂತಿರುವುದು ನೀರಿನ ಮೇಲೆ: ಅಂಟು ಬಳಿಯುವಾಗ ಎಷ್ಟು ನೀರು ಇತ್ತು, ಎಷ್ಟು ಒಳಗೇ ಉಳಿಯಿತು, ಆಮೇಲೆ ಎಷ್ಟು ಒಳಗೆ ಹೋಯಿತು.

ಎನಾಮೆಲ್ ಒಂದು ಥರ, ಡೆಂಟಿನ್ ಇನ್ನೊಂದು ಥರ

ಹಲ್ಲಿನ ಹೊರ ಕವಚ ಎನಾಮೆಲ್ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ಇದಕ್ಕೆ ಫಾಸ್ಫಾರಿಕ್ ಆಮ್ಲ ಹಾಕಿದರೆ ಮೇಲ್ಮೈ ಜೇನುಗೂಡಿನ ಹಾಗೆ ತೂತುತೂತಾಗುತ್ತದೆ. ನೀರಿನಂಥ ರೆಸಿನ್ (ಅಂಟಿನ ಪ್ಲಾಸ್ಟಿಕ್ ದ್ರವ) ಆ ತೂತುಗಳಿಗೆ ಇಳಿದು ಗಟ್ಟಿಯಾಗುತ್ತದೆ. ಗಾರೆ ಕೆಲಸದವರು ನುಣುಪು ಕಾಂಕ್ರೀಟಿಗೆ ಕಚ್ಚು ಹೊಡೆದು ಆಮೇಲೆ ಪ್ಲಾಸ್ಟರ್ ಬಳಿಯುವ ಹಾಗೆಯೇ ಇದು. 1955ರಲ್ಲಿ ಮೈಕಲ್ ಬ್ಯೂನೊಕೋರ್ ಇದನ್ನು ಮೊದಲು ತೋರಿಸಿದಾಗ ಶೇ. 85ರ ಆಮ್ಲ ಬಳಸಿದ್ದರು. ಈಗ ಎಲ್ಲರೂ ಬಳಸುವುದು ಶೇ. 35ರಿಂದ 37ರ ಜೆಲ್. ಸರಿಯಾಗಿ ಎಚ್ ಆದ, ಅಂದರೆ ಹೀಗೆ ಆಮ್ಲದಿಂದ ತೂತುತೂತಾದ, ಎನಾಮೆಲ್ ಅಂಚು ಬಹಳ ವರ್ಷ ಬಾಳುತ್ತದೆ. ನಮ್ಮ ತಲೆನೋವು ಅಲ್ಲಿಲ್ಲ.

ತಲೆನೋವಿರುವುದು ಎನಾಮೆಲ್ ಒಳಗಿನ ಪದರವಾದ ಡೆಂಟಿನ್‌ನಲ್ಲಿ. ಅದರಲ್ಲಿ ಖನಿಜ ತೂಕದ 70 ಪಾಲಷ್ಟೇ. ಉಳಿದದ್ದರಲ್ಲಿ ಸುಮಾರು 20 ಪಾಲು ಕೊಲಾಜನ್ ನಾರು, 10 ಪಾಲು ನೀರು. ನರದ ಕಡೆಗೆ ಹೋಗುವ ಸೂಕ್ಷ್ಮ ಕೊಳವೆಗಳು ಎನಾಮೆಲ್ ಬಳಿ ಒಂದು ಚದರ ಮಿಲಿಮೀಟರಿಗೆ ಸುಮಾರು 20,000 ಇದ್ದರೆ, ನರದ ಹತ್ತಿರ 45,000ವನ್ನೂ ದಾಟುತ್ತವೆ, ಅಗಲವೂ ಹೆಚ್ಚು. ಜೀವ ಇರುವ ಹಲ್ಲಿನಲ್ಲಿ ಈ ಕೊಳವೆಗಳಿಂದ ದ್ರವ ಸದಾ ಹೊರಕ್ಕೆ ಒಸರುತ್ತಿರುತ್ತದೆ. ಅಂದರೆ ಹುಳುಕು ಆಳವಾದಷ್ಟೂ ನೀವು ಅಂಟಿಸುತ್ತಿರುವುದು ಒಸರುವ ನೆಲಕ್ಕೆ.

ಡೆಂಟಿನ್‌ಗೆ ಆಮ್ಲ ಹಾಕಿದಾಗ ಕೆಲವೇ ಮೈಕ್ರಾನ್ ಆಳದವರೆಗೆ ಖನಿಜ ಕರಗಿ ಕೊಲಾಜನ್ ನಾರುಗಳಷ್ಟೇ ನೀರಿನಲ್ಲಿ ತೇಲುತ್ತಾ ಉಳಿಯುತ್ತವೆ. ಅವುಗಳ ನಡುವೆ ರೆಸಿನ್ ತುಂಬಿ ಗಟ್ಟಿಯಾದ ಪದರವೇ ಹೈಬ್ರಿಡ್ ಪದರ. 1982ರಲ್ಲಿ ಜಪಾನಿನ ನಾಕಾಬಯಾಶಿ ಇದನ್ನು ವಿವರಿಸಿದರು. ಫಿಲ್ಲಿಂಗಿನ ಆಯಸ್ಸು ಈ ಪದರದ ಆಯಸ್ಸನ್ನು ಹಿಡಿದು ನಿಂತಿದೆ.

ಈ ಪದರ ಸವೆಯುವುದು ಎರಡು ದಾರಿಯಲ್ಲಿ. ಒಂದು, ರೆಸಿನ್ನೇ ನೀರು ಹೀರುವುದು. ಡೆಂಟಿನ್‌ನೊಳಗೆ ಇಳಿಯಬೇಕಾದರೆ ಅಂಟಿನಲ್ಲಿ ನೀರಿಗೆ ಒಗ್ಗುವ ಹೆಮಾದಂಥ ಅಂಶ ಇರಲೇಬೇಕು. ಅದೇ ಅಂಶ ಗಟ್ಟಿಯಾದ ಮೇಲೂ ನೀರು ಎಳೆದುಕೊಳ್ಳುತ್ತದೆ, ನಿಧಾನವಾಗಿ ರೆಸಿನ್ ಕೊಂಡಿಗಳು ಕಡಿದುಹೋಗುತ್ತವೆ. ಇನ್ನೊಂದು, ರೆಸಿನ್ ತಲುಪದೆ ಬರಿದಾಗಿ ಉಳಿದ ಕೊಲಾಜನ್ನನ್ನು ಡೆಂಟಿನ್‌ನಲ್ಲೇ ಅಡಗಿರುವ ಕಿಣ್ವಗಳು ತಿನ್ನುವುದು. ಎಂಎಂಪಿ ಎಂದು ಕರೆಯುವ ಈ ಕಿಣ್ವಗಳನ್ನು ಎಬ್ಬಿಸುವುದೂ ನಾವು ಹಾಕಿದ ಆಮ್ಲವೇ. ಇವೆರಡಕ್ಕೂ ನೀರು ಬೇಕು. ಇದರ ಮೇಲೆ ಕಾಂಪೊಸಿಟ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇ. 2ರಿಂದ 3ರಷ್ಟು ಕುಗ್ಗಿ ಅಂಚನ್ನು ಎಳೆಯುತ್ತದೆ. ಬಿಸಿ-ತಂಪಿಗೆ ಹಲ್ಲಿಗಿಂತ ಎರಡು-ಮೂರು ಪಟ್ಟು ಹೆಚ್ಚು ಹಿಗ್ಗಿ ಕುಗ್ಗುತ್ತದೆ ಕೂಡ. ಬೆಳಗಿನ ಸುಡುಬಿಸಿ ಕಾಫಿ, ಅದರ ಬೆನ್ನಿಗೇ ಒಂದು ಲೋಟ ತಣ್ಣೀರು ಎಂಬ ನಮ್ಮ ಕಡೆಯ ರೂಢಿ ದಿನಾ ಅಂಚನ್ನು ಹೀಗೇ ಜಗ್ಗುತ್ತಿರುತ್ತದೆ. ಪ್ರಯೋಗಾಲಯದಲ್ಲಿ ಇದನ್ನೇ 5 ಮತ್ತು 55 ಡಿಗ್ರಿ ನೀರಿನಲ್ಲಿ ಹಲ್ಲನ್ನು ಅದ್ದಿ ಅದ್ದಿ ತೆಗೆದು ಪರೀಕ್ಷಿಸುತ್ತಾರೆ. 10,000 ಅದ್ದುಗಳನ್ನು ಸುಮಾರು ಒಂದು ವರ್ಷಕ್ಕೆ ಸಮ ಎಂದು ಲೆಕ್ಕ ಹಿಡಿಯುವುದು ವಾಡಿಕೆ.

ಬಣ್ಣದ ನೀರಿನಲ್ಲಿ ಅದ್ದಿ ಎಷ್ಟು ಸೋರಿತು ಎಂದು ಅಳೆದ ಫಲಿತಾಂಶಗಳನ್ನು ಮಾತ್ರ ನೋಡಿ ಬಾಟಲಿ ಕೊಳ್ಳಬೇಡಿ. ಕಿತ್ತ ಹಲ್ಲಿನಲ್ಲಿ 24 ಗಂಟೆಗೆ ಬಂದ ಬಲಕ್ಕೂ ಬಾಯಲ್ಲಿ ಐದು ವರ್ಷಕ್ಕೆ ಉಳಿದದ್ದಕ್ಕೂ ನೇರ ನಂಟು ಕಡಿಮೆ. ಹಲ್ಲಿನ ಬುಡದ ಸವೆತದ ಗುಂಡಿಗಳಲ್ಲಿ, ಅಂದರೆ ಕೊರೆದು ಹಿಡಿತ ಕೊಡದ ಜಾಗದಲ್ಲಿ, ಫಿಲ್ಲಿಂಗ್ ಎಷ್ಟು ವರ್ಷ ಉದುರದೆ ನಿಂತಿತು ಎಂಬ ಅಧ್ಯಯನಗಳೇ ನಂಬಲು ಯೋಗ್ಯ. ಅಲ್ಲಿ ಅಂಟು ಬಿಟ್ಟರೆ ಬೇರೆ ಯಾವ ಆಸರೆಯೂ ಇಲ್ಲ.

ಯಾವ ಬಗೆಯ ಅಂಟು

ಆ ಅಧ್ಯಯನಗಳು ಹೇಳುವುದನ್ನು ಚುಟುಕಾಗಿ ಹೇಳಿಬಿಡಬಹುದು. ಎಚ್ ಮಾಡಿ, ರೆಸಿನ್ ಇಳಿಯಲು ದಾರಿ ಮಾಡುವ ಪ್ರೈಮರ್ ಬಳಿದು, ಬೇರೆ ಬಾಟಲಿಯಿಂದ ಬಾಂಡ್ ಬಳಿಯುವ ಹಳೆಯ ಮೂರು ಹಂತದ ಪದ್ಧತಿ, ಮತ್ತು ಎಂಡಿಪಿ ಎಂಬ ಅಂಶ ಇರುವ, ಬೇರೆ ಜೆಲ್ ಹಾಕದೆ ತಾನೇ ಎಚ್ ಮಾಡುವ ಎರಡು ಹಂತದ ಸೌಮ್ಯ ಸೆಲ್ಫ್-ಎಚ್, ಇವೆರಡೂ ವರ್ಷಗಳ ಲೆಕ್ಕದಲ್ಲಿ ಮುಂದಿವೆ. ಎಲ್ಲವನ್ನೂ ಒಂದೇ ಬಾಟಲಿಗೆ ತುಂಬಿದ ಮೊದಲ ತಲೆಮಾರಿನ ಒಂದು ಹಂತದ ಅಂಟುಗಳು ಹಿಂದೆ ಬಿದ್ದವು. ಅವು ಗಟ್ಟಿಯಾದ ಮೇಲೂ ನೀರನ್ನು ಜರಡಿಯ ಹಾಗೆ ಆಚೀಚೆ ಬಿಡುತ್ತವೆ.

ಈಗ ಹೆಚ್ಚಿನ ಕ್ಲಿನಿಕ್‌ಗಳಲ್ಲಿ ಇರುವುದು ಯೂನಿವರ್ಸಲ್ ಅಂಟು. ಬಾಟಲಿ ಒಂದೇ, ಎಚ್ ಮಾಡಿಯೂ, ಮಾಡದೆಯೂ ಬಳಸಬಹುದು. ಕೊಳ್ಳುವಾಗ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಎಂಡಿಪಿ ಇದೆಯೇ ನೋಡಿ. ಅದು ಹಲ್ಲಿನ ಕ್ಯಾಲ್ಸಿಯಂ ಜೊತೆ ಕೂಡಿ ನೀರಿನಲ್ಲಿ ಸುಲಭವಾಗಿ ಕರಗದ ಲವಣವಾಗುತ್ತದೆ, ಹಾಗಾಗಿ ಡೆಂಟಿನ್ ಹಿಡಿತ ಬೇಗ ಸಡಿಲವಾಗುವುದಿಲ್ಲ. ನಮ್ಮ ಸಲಹೆ ಇಷ್ಟು: ಎನಾಮೆಲ್ ಅಂಚಿಗೆ ಮಾತ್ರ ಆಮ್ಲದ ಜೆಲ್, ಡೆಂಟಿನ್‌ಗೆ ಜೆಲ್ ತಾಗಿಸದೆ ನೇರವಾಗಿ ಅಂಟು. ಇದನ್ನು ಸೆಲೆಕ್ಟಿವ್ ಎಚ್ ಎನ್ನುತ್ತಾರೆ. ಸೌಮ್ಯ ಸೆಲ್ಫ್-ಎಚ್‌ನ ಆಮ್ಲ ಎನಾಮೆಲ್ಲಿಗೆ ಸಾಲುವುದಿಲ್ಲ, ಜೆಲ್ಲಿನ ಆಮ್ಲ ಡೆಂಟಿನ್‌ಗೆ ಹೆಚ್ಚಾಗುತ್ತದೆ. ಎರಡರ ದೋಷವೂ ಹೀಗೆ ತಪ್ಪುತ್ತದೆ.

ಬಾಟಲಿ ನೋಡಿಕೊಳ್ಳುವುದನ್ನು ಸಹಾಯಕಿಗೆ ಬಿಡಿಸಿ ಹೇಳಿ. ತೆರೆದ ದಿನಾಂಕವನ್ನು ಬಾಟಲಿಯ ಮೇಲೇ ಬರೆದಿಡಬೇಕು. ಫ್ರಿಜ್‌ನಲ್ಲಿಡಿ ಎಂದು ಚೀಟಿ ಹೇಳಿದರೆ 2ರಿಂದ 8 ಡಿಗ್ರಿ. ಕೆಲಸಕ್ಕೆ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದಿಡಬೇಕು. ಡಿಸೆಂಬರ್-ಜನವರಿಯ ಚಿಕ್ಕಮಗಳೂರಿನ ಬೆಳಗಿನಲ್ಲಿ ಫ್ರಿಜ್‌ನಿಂದ ನೇರ ತೆಗೆದ ಅಂಟು ದಪ್ಪಗಿರುತ್ತದೆ, ಅದರ ದ್ರಾವಕ ಬೇಗ ಆರುವುದಿಲ್ಲ, ಅರ್ಧ ಒಳಗೇ ಉಳಿಯುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಫ್ರಿಜ್ ಗಂಟೆಗಟ್ಟಲೆ ನಿಂತರೆ ತೊಂದರೆ ಇನ್ನೊಂದು ಬಗೆಯದು: ಬಿಸಿಗೆ ಅಂಟೇ ಕೆಡಬಹುದು. ಡ್ಯಾಪನ್ ಡಿಶ್ ಎಂಬ ಪುಟ್ಟ ಬಟ್ಟಲಿಗೆ ಹನಿ ಹಾಕುವುದು ಬಳಿಯುವ ಕ್ಷಣದಲ್ಲೇ. ಮೊದಲೇ ಹಾಕಿಟ್ಟರೆ ಅಸಿಟೋನ್ ಅಥವಾ ಎಥನಾಲ್ ಆರಿಹೋಗುತ್ತದೆ, ಮೇಲಿನ ದೀಪದ ಬೆಳಕಿಗೆ ಗಟ್ಟಿಯಾಗತೊಡಗುತ್ತದೆ. ಹನಿ ಹಾಕಿದ ತಕ್ಷಣ ಮುಚ್ಚಳ ಮುಚ್ಚಿ.

ಒಣ ಜಾಗ ಮಾಡಿಕೊಳ್ಳುವುದು

ರಬ್ಬರ್ ಡ್ಯಾಮ್ ಕಟ್ಟಿ, ಅಂದರೆ ಹಲ್ಲಷ್ಟೇ ಹೊರಗೆ ಕಾಣುವ ಹಾಗೆ ರಬ್ಬರ್ ಹಾಳೆ. ಇದರಲ್ಲಿ ರಾಜಿ ಬೇಡ. ಡ್ಯಾಮ್ ಇಲ್ಲದೆ ಬಾಯಿ ತೆರೆದಿಟ್ಟರೆ ಉಸಿರಿನ ಆವಿಯಿಂದಲೇ ಒಳಗಿನ ಗಾಳಿ ತೇವ ತುಂಬಿಕೊಂಡಿರುತ್ತದೆ; ಹತ್ತಿ ರೋಲ್ ಜೊಲ್ಲನ್ನು ತಡೆದೀತು, ಆವಿಯನ್ನು ತಡೆಯದು. ದವಡೆ ಹಲ್ಲಿಗೆ ಕ್ಲ್ಯಾಂಪ್ ಹಾಕಿ, ಹಾಳೆಯ ಅಂಚನ್ನು ವಸಡಿನ ಒಳಕ್ಕೆ ಫ್ಲಾಸ್ ದಾರದಿಂದ ತಿರುಗಿಸಿ ಕೂರಿಸಿ. ಅಂಚು ತಿರುಗದಿದ್ದರೆ ಕೆಳಗಿನಿಂದ ಜಿನುಗುತ್ತಲೇ ಇರುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ.

ವಯಸ್ಸಾದವರು ಗಾಬರಿಯಾಗುತ್ತಾರೆ. ಕಟ್ಟುವ ಮುಂಚೆಯೇ "ಅಜ್ಜಿ, ಇದು ನೀರು ಗಂಟಲಿಗೆ ಹೋಗದೆ ಇರಲಿ ಅಂತ, ಮೂಗಿನಲ್ಲಿ ಉಸಿರಾಡಿ, ಏನಾದರೂ ಆದರೆ ಎಡಗೈ ಎತ್ತಿ" ಎಂದು ಹೇಳಿದರೆ ಬಹಳಷ್ಟು ಜನ ಸುಮ್ಮನೆ ಕೂರುತ್ತಾರೆ.

ಇನ್ನು ಕಂಪ್ರೆಸರ್. ಇದನ್ನು ಯಾರೂ ಬಾಂಡಿಂಗಿನ ಪಾಠದಲ್ಲಿ ಹೇಳುವುದಿಲ್ಲ, ಮಲೆನಾಡಿನ ಕ್ಲಿನಿಕ್‌ಗಳಲ್ಲಿ ಮಾತ್ರ ದೊಡ್ಡ ವಿಷಯ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು ತುಂಬಿರುತ್ತದೆ. ಆ ಗಾಳಿಯನ್ನು ಅದುಮಿದಾಗ ಟ್ಯಾಂಕಿನ ತಳದಲ್ಲಿ ನೀರು ಕೂಡುತ್ತದೆ, ಕೊಳವೆಯಲ್ಲಿ ಹರಿದು ನೀರು, ಗಾಳಿ ಬಿಡುವ ತ್ರೀ-ವೇ ಸಿರಿಂಜಿನಿಂದ ಸೂಕ್ಷ್ಮ ಹನಿಗಳಾಗಿ ಹಲ್ಲಿನ ಮೇಲೆ ಬೀಳುತ್ತದೆ. ನೀವು ಒಣಗಿಸುತ್ತಿದ್ದೇನೆ ಎಂದುಕೊಂಡದ್ದು ಒದ್ದೆ ಮಾಡುವುದಾಗಿರುತ್ತದೆ. ದಿನಾ ಬೆಳಗ್ಗೆ ಟ್ಯಾಂಕಿನ ಕೆಳಗಿನ ವಾಲ್ವ್ ತಿರುಗಿಸಿ ನೀರು ಬಿಟ್ಟುಬಿಡಿ. ಮಳೆಗಾಲದಲ್ಲಿ ಮಧ್ಯಾಹ್ನವೂ ಒಮ್ಮೆ. ಪ್ರತಿ ಬಾಂಡಿಂಗಿಗೆ ಮುಂಚೆ ಒಣಗಿದ ಬಾಯಿ ಕನ್ನಡಿಯ ಮೇಲೆ ಐದು ಸೆಕೆಂಡು ಬರೀ ಗಾಳಿ ಬಿಟ್ಟು ನೋಡಿ. ಮಂಜು ಕಟ್ಟಿದರೆ ನೀರು, ಜಿಡ್ಡಿನ ಕಲೆ ಕಂಡರೆ ಎಣ್ಣೆ. ಎರಡರಲ್ಲಿ ಯಾವುದಿದ್ದರೂ ಫಿಲ್ಟರ್ ನೋಡುವವರೆಗೆ ಅಂಟಿನ ಬಾಟಲಿ ತೆರೆಯಬೇಡಿ.

ಅಡಿಕೆ, ಗುಟ್ಕಾ ಜಗಿದು ಕೆನ್ನೆಯ ಒಳಗೆಲ್ಲ ಬಿಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದವರು ನಮ್ಮ ಕಡೆ ಬರುತ್ತಲೇ ಇರುತ್ತಾರೆ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್; ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ. ಅಲ್ಲಿ ಡ್ಯಾಮ್ ಹಾಕಲಾಗುವುದಿಲ್ಲ, ಹಿಂದಿನ ಹಲ್ಲಿಗೆ ಬೆಳಕು ನೇರವಾಗಿ ಹೋಗುವುದೂ ಇಲ್ಲ. ಕಾಂಪೊಸಿಟ್‌ಗೆ ಹಟ ಮಾಡದೆ, ಹಲ್ಲಿಗೆ ತಾನಾಗಿಯೇ ಅಂಟುವ ಗ್ಲಾಸ್ ಅಯನೋಮರ್ ಸಿಮೆಂಟ್ ಹಾಕಿ. ಫಿಲ್ಲಿಂಗ್ ಮುಗಿಸಿ ಕಳಿಸಿಬಿಡಬೇಡಿ, ಬಾಯಿಯ ತಪಾಸಣೆಗೆ ಕಾಗದ ಬರೆದುಕೊಡಿ. ಹಾಸನದವರಿಗೆ ವಿದ್ಯಾನಗರದ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜು ಹತ್ತಿರದಲ್ಲೇ ಇದೆ.

ವಸಡಿನಿಂದ ರಕ್ತ ಬರುತ್ತಿದ್ದರೆ ಆವತ್ತು ಬಾಂಡಿಂಗ್ ಬೇಡ. ರಕ್ತ ನಿಲ್ಲಿಸುವ ಫೆರಿಕ್ ಸಲ್ಫೇಟ್, ಅಲ್ಯೂಮಿನಿಯಂ ಕ್ಲೋರೈಡ್ ಡೆಂಟಿನ್ ಮೇಲೆ ಉಳಿದರೆ ಅಂಟಿನ ಹಿಡಿತ ತಗ್ಗುತ್ತದೆ. ಹಲ್ಲು ಶುಚಿ ಮಾಡಿ, ತಾತ್ಕಾಲಿಕ ಸಿಮೆಂಟ್ ಹಾಕಿ, ಒಂದು ವಾರ ಬಿಟ್ಟು ಕರೆಯಿರಿ. ಆ ಸಿಮೆಂಟ್ ಲವಂಗದೆಣ್ಣೆ ವಾಸನೆಯ ಜಿಂಕ್ ಆಕ್ಸೈಡ್ ಯೂಜಿನಾಲ್ ಆಗಿರಬಾರದು: ಯೂಜಿನಾಲ್ ಉಳಿದ ಕಡೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಬೇರೆ ಕಡೆ ಅದನ್ನು ಹಾಕಿಸಿಕೊಂಡು ಬಂದಿದ್ದರೆ ಬರ್‌ನಿಂದ (ಕೊರೆಯುವ ಯಂತ್ರದ ತುದಿಯಿಂದ) ಡೆಂಟಿನ್ ಮೇಲ್ಮೈಯನ್ನೂ ತುಸು ಕೆರೆದು ಹೊಸದು ಮಾಡಿಕೊಳ್ಳಿ. ಹಲ್ಲು ಬಿಳಿ ಮಾಡಿಸಿಕೊಂಡವರಿಗೂ ಎರಡು ವಾರ ಕಾಯಲು ಹೇಳಿ. ಬ್ಲೀಚ್ ಬಿಟ್ಟುಹೋದ ಆಮ್ಲಜನಕ ಅಂಟನ್ನು ಕೆಡಿಸುತ್ತದೆ.

ಕೊರೆದ ಗುಂಡಿ ಹೇಗಿರಬೇಕು

ನರದ ಮೇಲೆ ಚರ್ಮದ ಹಾಗೆ ಗಟ್ಟಿಯಾಗಿ ಉಳಿದ ಕಂದು ಡೆಂಟಿನ್ನನ್ನು ತೆಗೆಯಲು ಹೋಗಿ ನರ ತೆರೆಯಬೇಡಿ. ಆದರೆ ಸುತ್ತಲಿನ ಅಂಚಿನ ಒಂದೆರಡು ಮಿಲಿಮೀಟರು ಪಟ್ಟಿ ಸಂಪೂರ್ಣ ಶುಚಿಯಾಗಿರಲೇಬೇಕು. ಸೀಲ್ ಆಗುವುದು ಆ ಪಟ್ಟಿಯಲ್ಲಿ. ಹುಳುಕು ತಾಗಿದ ಡೆಂಟಿನ್‌ಗೆ ಅಂಟಿನ ಹಿಡಿತ ಕಡಿಮೆ.

ನಮ್ಮ ಎರಡು ಜಿಲ್ಲೆಗಳಲ್ಲಿ ಇನ್ನೆರಡು ಬಗೆಯ ಹಲ್ಲು ಪದೇ ಪದೇ ಎದುರಾಗುತ್ತವೆ. ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಕಲೆಬಿದ್ದ ಹಲ್ಲುಗಳು ಒಂದು. ಫ್ಲೋರೈಡ್ ತುಂಬಿದ ಹೊರ ಎನಾಮೆಲ್ ಆಮ್ಲಕ್ಕೆ ಸುಲಭವಾಗಿ ಬಗ್ಗದು. ಅಂಚನ್ನು ಸಣ್ಣ ಡೈಮಂಡ್ ಬರ್‌ನಿಂದ ಮೊದಲು ಒರಟು ಮಾಡಿ, ಜೆಲ್ಲನ್ನು ಮಾಮೂಲಿ 15-30 ಸೆಕೆಂಡಿನ ಬದಲು 60 ಸೆಕೆಂಡು ಬಿಡಿ. ತೊಳೆದು ಒಣಗಿಸಿದಾಗ ಸೀಮೆಸುಣ್ಣದ ಬಿಳುಪು ಬರದಿದ್ದರೆ ಇನ್ನೊಮ್ಮೆ ಹಾಕಿ. ಈ ಹಲ್ಲುಗಳಲ್ಲಿ ಬರೀ ಸೆಲ್ಫ್-ಎಚ್ ನಂಬಬೇಡಿ. ಇನ್ನೊಂದು, ಗಟ್ಟಿ ಬ್ರಷ್, ಇದ್ದಿಲು, ಹಲ್ಲುಪುಡಿ ಹಾಕಿ ಅಡ್ಡಡ್ಡ ಉಜ್ಜಿ ಬುಡ ಸವೆದ ಹಲ್ಲು. ಅಲ್ಲಿನ ಡೆಂಟಿನ್ ಹಳದಿಯಾಗಿ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ, ಕೊಳವೆಗಳೆಲ್ಲ ಖನಿಜದಿಂದ ಮುಚ್ಚಿಹೋಗಿರುತ್ತವೆ. ಹೊಳಪು ಹೋಗುವಷ್ಟು ಬರ್ ಆಡಿಸದೆ ಅಂಟು ಬಳಿದರೆ ಫಿಲ್ಲಿಂಗ್ ಇಡಿಯಾಗಿ ಕಳಚಿ ಬೀಳುತ್ತದೆ.

ಎಚ್, ತೊಳೆತ, ಅಂಟು

ಸೆಲೆಕ್ಟಿವ್ ಎಚ್ ಆದರೆ ಜೆಲ್ಲನ್ನು ಸಿರಿಂಜಿನ ತುದಿಯಿಂದ ಎನಾಮೆಲ್ ಅಂಚಿಗಷ್ಟೇ ಗೆರೆ ಎಳೆದ ಹಾಗೆ ಹಾಕಿ. ಬರ್ ಆಡಿಸಿದ ಎನಾಮೆಲ್ಲಿಗೆ 15 ಸೆಕೆಂಡು, ಬರ್ ತಾಗದ ಎನಾಮೆಲ್ಲಿಗೆ 30. ನೀರುನೀರಾದ ಜೆಲ್ ಡೆಂಟಿನ್‌ಗೆ ಹರಿಯುತ್ತದೆ, ದಪ್ಪನೆಯದನ್ನೇ ಕೊಳ್ಳಿ. 15 ಸೆಕೆಂಡು ನೀರು-ಗಾಳಿಯಲ್ಲಿ ತೊಳೆಯಿರಿ, ಒಣಗಿಸಿ, ಬಿಳುಪು ನೋಡಿ.

ಮೂರು ಹಂತದ್ದಾದರೆ ಜೆಲ್ ಮೊದಲು ಎನಾಮೆಲ್ಲಿಗೆ, 15 ಸೆಕೆಂಡಿನ ನಂತರ ಡೆಂಟಿನ್ ಮೇಲೂ ಹರಡಿ, ಇನ್ನು 15 ಸೆಕೆಂಡಿಗೆ ಎಲ್ಲವನ್ನೂ ತೊಳೆದುಬಿಡಿ. ಡೆಂಟಿನ್ ಮೇಲೆ 15 ಸೆಕೆಂಡು ದಾಟಿದರೆ ಆಮ್ಲ ಇಳಿದಷ್ಟು ಆಳಕ್ಕೆ ರೆಸಿನ್ ಇಳಿಯದು; ತಳದಲ್ಲಿ ಬರಿದಾದ ಕೊಲಾಜನ್ ಉಳಿಯುತ್ತದೆ. ಆ ಬರಿ ಪಟ್ಟಿಯೇ ಎರಡು-ಮೂರು ವರ್ಷದ ನಂತರ ಕಿಣ್ವಗಳ ಪಾಲಾಗುವುದು.

ತೊಳೆದ ಮೇಲಿನ ಒಣಗಿಸುವಿಕೆಯೇ ಈ ಪದ್ಧತಿಯ ಅತಿ ನಾಜೂಕಿನ ಹಂತ. ಗಾಳಿ ಹೊಡೆದು ಗರಿಗರಿ ಒಣಗಿಸಿದರೆ ಕೊಲಾಜನ್ ನಾರುಗಳು ಒಂದರ ಮೇಲೊಂದು ಕುಸಿದು ಅಂಟಿಕೊಳ್ಳುತ್ತವೆ, ರೆಸಿನ್ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ನೀರು ನಿಂತಿದ್ದರೆ ರೆಸಿನ್ ತೆಳುವಾಗಿ, ಅಲ್ಲಲ್ಲಿ ನೀರಿನ ಗುಳ್ಳೆಗಳು ಉಳಿದುಬಿಡುತ್ತವೆ. ಒರೆಸಿದ ಸಿಮೆಂಟ್ ನೆಲ ಇನ್ನೂ ಆರದಿದ್ದಾಗ ಕಾಣುವ ತೇವದ ಮಿಂಚು ಬೇಕು, ಮೂಲೆಯಲ್ಲಿ ಎಲ್ಲೂ ನೀರು ನಿಂತಿರಬಾರದು. ಗಾಳಿ ಬಿಡುವ ಬದಲು ಸಣ್ಣ ಹತ್ತಿ ಉಂಡೆ ಅಥವಾ ಸ್ಪಂಜಿನಿಂದ ಒತ್ತಿ ತೆಗೆಯಿರಿ. ತಪ್ಪಿ ಒಣಗಿಸಿಬಿಟ್ಟರೆ ಗಾಬರಿ ಬೇಡ: ಮೈಕ್ರೊಬ್ರಷ್‌ನಿಂದ ನೀರು ತಾಗಿಸಿ 10-20 ಸೆಕೆಂಡು ಬಿಟ್ಟು ಮತ್ತೆ ಒತ್ತಿ ತೆಗೆದರೆ ನಾರುಗಳು ಎದ್ದು ನಿಲ್ಲುತ್ತವೆ.

ಈ ಹಂತದಲ್ಲಿ ಶೇ. 2ರ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು 30-60 ಸೆಕೆಂಡು ಹಚ್ಚಿ ಒತ್ತಿ ತೆಗೆಯುವುದುಂಟು. ಆ ಕಿಣ್ವಗಳನ್ನು ಅದು ತಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಚೆನ್ನಾಗಿ ಕಂಡಿದೆ, ಬಾಯಲ್ಲಿ ಮಾಡಿದ ಅಧ್ಯಯನಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಹಚ್ಚಿದರೆ ಕೆಡುಕಿಲ್ಲ. ಡ್ಯಾಮ್ ಕಟ್ಟದೆ ಕ್ಲೋರ್‌ಹೆಕ್ಸಿಡಿನ್ ನೆಚ್ಚಿಕೊಳ್ಳುವುದು ಮಾತ್ರ ತಲೆಕೆಳಗು.

ಯೂನಿವರ್ಸಲ್ ಅಂಟನ್ನು ಬಳಿದು ಬಿಟ್ಟರೆ ಸಾಲದು, ಮೈಕ್ರೊಬ್ರಷ್‌ನಿಂದ ಪೂರಾ 20 ಸೆಕೆಂಡು ಒತ್ತಿ ಉಜ್ಜಬೇಕು. ಮನಸ್ಸಿನಲ್ಲೇ ಎಣಿಸಿದ ಇಪ್ಪತ್ತು ಗಡಿಯಾರದಲ್ಲಿ ಹತ್ತೇ ಆಗಿರುತ್ತದೆ, ಸಹಾಯಕಿ ಗಟ್ಟಿಯಾಗಿ ಎಣಿಸಲಿ. ಆಮೇಲೆ ಗಾಳಿ: ಮೊದಲು ದೂರದಿಂದ ಮೆಲ್ಲಗೆ, ಬರುಬರುತ್ತಾ ಹತ್ತಿರದಿಂದ, ಅಂಟಿನ ಮೇಲೆ ಅಲೆ ಆಡುವುದು ನಿಲ್ಲುವವರೆಗೆ. ಕೆಲವು ಚೀಟಿಗಳು ಐದು ಸೆಕೆಂಡು ಎನ್ನುತ್ತವೆ; ಆಳದ ಗುಂಡಿಯಲ್ಲಿ, ನೀರು ಬೆರೆತ ದ್ರಾವಕ ಇರುವ ಅಂಟಿಗೆ ಹತ್ತು-ಹದಿನೈದು ಸೆಕೆಂಡು ಬೇಕಾಗುತ್ತದೆ. ಮೊದಲೇ ಜೋರಾಗಿ ಊದಿದರೆ ಅಂಟು ಚಿಮ್ಮಿ ಒಂದು ಮೂಲೆಯಲ್ಲಿ ಗುಡ್ಡೆಯಾಗುತ್ತದೆ, ಇನ್ನೊಂದು ಕಡೆ ಬರಿದಾಗುತ್ತದೆ. ಗುಡ್ಡೆಯಾದ ಅಂಟು ಎಕ್ಸ್-ರೇಯಲ್ಲಿ ಕಪ್ಪಗೆ ಕಂಡು, ಮುಂದೆ ನೋಡುವವರು ಹುಳುಕು ಎಂದುಕೊಂಡು ಕೊರೆದೂ ಬಿಡಬಹುದು.

ಎರಡನೇ ಪದರ ಬಳಿಯಿರಿ. ಅದಕ್ಕಿಂತಲೂ ಒಳ್ಳೆಯದು, ಯೂನಿವರ್ಸಲ್ ಮೇಲೆ ದ್ರಾವಕ ಇಲ್ಲದ, ನೀರಿಗೆ ಒಗ್ಗದ ಬಾಂಡ್ ರೆಸಿನ್ನಿನ ತೆಳು ಪದರ ಕೊಡುವುದು. ಒಂದು ನಿಮಿಷದ ಈ ಹೆಚ್ಚುವರಿ ಕೆಲಸ ಒಂದು ಹಂತದ ಅಂಟನ್ನು ಎರಡು ಹಂತದ್ದಾಗಿ ಮಾಡುತ್ತದೆ, ನೀರಿನ ದಾರಿ ಕಿರಿದಾಗುತ್ತದೆ. ಬಾಳಿಕೆಗಾಗಿ ಒಂದೇ ಒಂದು ಬದಲಾವಣೆ ಮಾಡಿಕೊಳ್ಳುತ್ತೇನೆ ಎನ್ನುವವರಿಗೆ, ಡ್ಯಾಮ್ ಬಿಟ್ಟರೆ, ನಾವು ಹೇಳುವುದು ಇದನ್ನೇ.

ಬಳಿದ ಅಂಟಿಗೆ ಜೊಲ್ಲು ತಾಗಿದರೆ ಒರೆಸಿ ಮುಂದುವರಿಸಬೇಡಿ. ತೊಳೆದು, ಒಣಗಿಸಿ, ಅಂಟನ್ನು ಮತ್ತೆ ಬಳಿಯಿರಿ. ರಕ್ತ ತಾಗಿದ್ದರೆ ಬರ್ ಆಡಿಸಿ ಮೊದಲಿನಿಂದ.

ಬೆಳಕಿನ ಲೆಕ್ಕ

ಅಂಟು, ಕಾಂಪೊಸಿಟ್ ಗಟ್ಟಿ ಮಾಡುವ ಕ್ಯೂರಿಂಗ್ ದೀಪ ನೀಲಿಯಾಗಿ ಉರಿದರೆ ಕೆಲಸ ಆಯಿತು ಎಂದಲ್ಲ. ಒಂದು ಚದರ ಸೆಂಟಿಮೀಟರಿಗೆ 1,000 ಮಿಲಿವ್ಯಾಟ್ ಕೊಡುವ ದೀಪ 20 ಸೆಕೆಂಡಿನಲ್ಲಿ 20 ಜೂಲ್ ಕೊಡುತ್ತದೆ; ಅದೇ ದೀಪ ಹಳತಾಗಿ 500ಕ್ಕೆ ಇಳಿದಿದ್ದರೆ ಅಷ್ಟೇ ಶಕ್ತಿಗೆ 40 ಸೆಕೆಂಡು ಬೇಕು. 400ಕ್ಕಿಂತ ಕೆಳಗಿಳಿದ ದೀಪವನ್ನು ಪಕ್ಕಕ್ಕಿಡಿ. ತಿಂಗಳಿಗೊಮ್ಮೆ ಬೆಳಕಿನ ಬಲ ಅಳೆಯುವ ರೇಡಿಯೋಮೀಟರ್‌ನಲ್ಲಿ ಅಳೆದು ಗೋಡೆಯ ಮೇಲೆ ಬರೆದಿಡಿ. ಬೆಳಕಿನ ತುದಿಗೆ ಒಣಗಿದ ಕಾಂಪೊಸಿಟ್ ಅಂಟಿದ್ದರೆ ಅಲ್ಲೇ ಅರ್ಧ ಬೆಳಕು ಹೋಗುತ್ತದೆ.

ಸಂದಿಯ ಗುಂಡಿಯ ತಳ ದೀಪದ ತುದಿಯಿಂದ 6-8 ಮಿಲಿಮೀಟರು ದೂರ ಇರುತ್ತದೆ. ಅತಿ ಹೆಚ್ಚು ಸೋರುವ ಅಂಚಿಗೇ ಅತಿ ಕಡಿಮೆ ಬೆಳಕು! ಹಾಗಾಗಿ ಅಲ್ಲಿನ ಅಂಟಿಗೂ ಮೊದಲ ಪದರಕ್ಕೂ ಸಮಯ ದುಪ್ಪಟ್ಟು ಕೊಡಿ, ಹಲ್ಲು ಕಾಯದಂತೆ ನಡುವೆ ಗಾಳಿ ಬಿಡಿ. ಕಿತ್ತಳೆ ಕನ್ನಡಕ ಹಾಕಿಕೊಂಡು ದೀಪವನ್ನೇ ನೋಡುತ್ತಾ ಹಿಡಿಯಿರಿ; ಮುಖ ತಿರುಗಿಸಿ ಹಿಡಿದರೆ ಕೈ ಜಾರಿ ಬೆಳಕು ವಸಡಿಗೆ ಬೀಳುತ್ತಿರುತ್ತದೆ.

ತುಂಬುವುದು

ಮಾಮೂಲಿ ಕಾಂಪೊಸಿಟ್ ಆದರೆ ಒಂದು ಪದರ 2 ಮಿಲಿಮೀಟರು ಮೀರಬಾರದು, ದಪ್ಪ ಪದರಕ್ಕೆಂದೇ ಮಾಡಿದ ಬಲ್ಕ್-ಫಿಲ್ ಆದರೆ 4. ಮೊದಲ ಪದರ ಅರ್ಧ ಮಿಲಿಮೀಟರಿನ ಫ್ಲೋಯಬಲ್ (ಹರಿಯುವಷ್ಟು ತೆಳು ಕಾಂಪೊಸಿಟ್) ಆಗಿದ್ದರೆ ಮೂಲೆಗಳಲ್ಲಿ ಗಾಳಿ ಗುಳ್ಳೆ ಉಳಿಯುವುದಿಲ್ಲ. ಒಂದೇ ಪದರ ಎದುರುಬದುರಿನ ಎರಡೂ ಗೋಡೆಗೆ ತಾಗದ ಹಾಗೆ ಓರೆಯಾಗಿ ಇಡಿ. ತಾಗಿದರೆ ಕುಗ್ಗುವಾಗ ಎರಡನ್ನೂ ಎಳೆದು ಯಾವುದೋ ಒಂದು ಅಂಚನ್ನು ಬಿಡಿಸುತ್ತದೆ. ಹಲ್ಲಿನ ಸುತ್ತ ಅಚ್ಚಾಗಿ ಕಟ್ಟುವ ಮ್ಯಾಟ್ರಿಕ್ಸ್ ಪಟ್ಟಿಯ ಬುಡಕ್ಕೆ ಮರದ ಬೆಣೆ ಬಿಗಿಯಾಗಿ ಕೂತಿರಲಿ, ಇಲ್ಲವಾದರೆ ಕಾಂಪೊಸಿಟ್ ವಸಡಿನೊಳಗೆ ಮುಂಚಾಚಿ ಅಲ್ಲಿ ಕೊಳೆ ಕಟ್ಟುತ್ತದೆ.

ಗುಂಡಿಯ ತಳದ ಅಂಚಿನಲ್ಲಿ ಎನಾಮೆಲ್ ಉಳಿದಿದೆಯೇ? ಇದನ್ನು ಕನ್ನಡಿಯಲ್ಲಿ ನೋಡಿ ತೀರ್ಮಾನಿಸಿಯೇ ತುಂಬಲು ತೊಡಗಿ. ಎನಾಮೆಲ್ ಇಲ್ಲದೆ ಅಂಚು ಬೇರಿನ ಮೇಲೆ ಬಂದಿದ್ದರೆ ಕಾಂಪೊಸಿಟ್ ಅಂಟು ಅಲ್ಲಿ ಬೇಗ ಸೋರುತ್ತದೆ. ಅಂಥ ಕಡೆ ತಳದ ಭಾಗಕ್ಕೆ ರೆಸಿನ್ ಬೆರೆತ ಗ್ಲಾಸ್ ಅಯನೋಮರ್, ಅದರ ಮೇಲೆ ಕಾಂಪೊಸಿಟ್ ಹಾಕುವುದು ನಮ್ಮ ಆಯ್ಕೆ. ಗ್ಲಾಸ್ ಅಯನೋಮರ್ ಹಲ್ಲಿನ ಕ್ಯಾಲ್ಸಿಯಂಗೆ ತಾನಾಗಿಯೇ ಕೂಡಿಕೊಳ್ಳುತ್ತದೆ, ಸ್ವಲ್ಪ ತೇವವನ್ನೂ ಸಹಿಸುತ್ತದೆ. ಬುಡದ ಸವೆತದ ಗುಂಡಿಗಳಲ್ಲಿ ಉದುರದೆ ಉಳಿಯುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಹಾಕುವ ಮುಂಚೆ ಪಾಲಿಅಕ್ರಿಲಿಕ್ ಆಮ್ಲದ ಕಂಡೀಷನರ್ 10-20 ಸೆಕೆಂಡು ಹಚ್ಚಿ ತೊಳೆಯಿರಿ. ಸವೆತ ತಾಳುವ ಶಕ್ತಿ, ನೋಟ ಎರಡರಲ್ಲೂ ಅದು ಹಿಂದೆ, ಆದ್ದರಿಂದಲೇ ಜಗಿಯುವ ಮೇಲ್ಭಾಗಕ್ಕೆ ಕಾಂಪೊಸಿಟ್.

ಪಾಲಿಶ್ ಮಾಡುವಾಗ ಅಂಚಿನುದ್ದಕ್ಕೂ ಬಿಳಿ ಗೆರೆ ಕಂಡರೆ, ಕುಗ್ಗುವಿಕೆಯಿಂದಲೋ ಒರಟು ಬರ್‌ನಿಂದಲೋ ಎನಾಮೆಲ್ ಸೀಳಿದೆ ಎಂದರ್ಥ. ಗೆರೆಯನ್ನು ಎಚ್ ಮಾಡಿ, ಒಣಗಿಸಿ, ನೀರಿನಂಥ ರೆಸಿನ್ ಹರಿಸಿ ಬೆಳಕು ಕೊಡಿ. ಕಚ್ಚುವಾಗ ಎತ್ತರ ತಾಗುತ್ತಿದೆಯೇ ಎಂದು ನೀಲಿ ಕಾಗದದಲ್ಲಿ ನೋಡಿಯೇ ಕಳಿಸಿ.

ಕೆಟ್ಟದ್ದನ್ನು ಓದುವುದು

ಮೊದಲ ಕೆಲವು ವಾರಗಳಲ್ಲೇ ಫಿಲ್ಲಿಂಗ್ ಇಡಿಯಾಗಿ ಕಳಚಿ ಬಂದರೆ ಅದು ಬಾಳಿಕೆಯ ಪ್ರಶ್ನೆಯಲ್ಲ. ಜೊಲ್ಲು, ಎಣ್ಣೆ ಅಥವಾ ಬೆಳಕಿನ ಕೊರತೆ. ಕಚ್ಚಿದಾಗ ಚುಚ್ಚಿದ ಹಾಗಾಗಿ ತಣ್ಣನೆಯದಕ್ಕೆ ಏನೂ ಆಗದಿದ್ದರೆ, ಎತ್ತರ ಸರಿಯಿದ್ದರೂ ನೋವು ಹೋಗದಿದ್ದರೆ, ತಳದಲ್ಲಿ ಅಂಟು ಬಿಟ್ಟು ದ್ರವ ತುಂಬಿದೆ ಎಂದು ಶಂಕಿಸಿ. ಒಣ ಡೆಂಟಿನ್‌ಗೆ ಮೂರು ಹಂತದ ಅಂಟು ಬಳಿದವರಲ್ಲಿ ಇದು ಹೆಚ್ಚು. ಹಲ್ಲು ಕಡಿಯುವ ಅಭ್ಯಾಸ ಇರುವವರಲ್ಲಿ ವರ್ಷಗಳ ನಂತರ ಬುಡದ ಫಿಲ್ಲಿಂಗ್ ಬಿದ್ದರೆ ಅಂಟೊಂದನ್ನೇ ದೂರುವಂತಿಲ್ಲ.

ಅಂಚಿನಲ್ಲಿ ಕಂದು ಗೆರೆ ಕಂಡ ಕೂಡಲೇ ಫಿಲ್ಲಿಂಗ್ ಕಿತ್ತು ಹಾಕಬೇಡಿ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಪ್ರತಿ ಸಲ ಕಿತ್ತಾಗಲೂ ಗುಂಡಿ ದೊಡ್ಡದಾಗುತ್ತದೆ, ನರ ಹತ್ತಿರವಾಗುತ್ತದೆ. ಕಾಫಿ, ಎಲೆಅಡಿಕೆಯ ಕಲೆ ಅಂಚಿನ ಮೆಟ್ಟಿಲಿನಲ್ಲಿ ಕೂತರೂ ಹಾಗೆಯೇ ಕಾಣುತ್ತದೆ. ಒಣಗಿಸಿ ನೋಡಿ, ಅಂಚು ಗಟ್ಟಿಯಾಗಿದ್ದು ಎಕ್ಸ್-ರೇಯಲ್ಲಿ ಕೆಳಗೆ ಏನೂ ಇಲ್ಲದಿದ್ದರೆ ಪಾಲಿಶ್ ಸಾಕು. ಒಂದು ಕಡೆ ಮಾತ್ರ ಮೆತ್ತಗಾಗಿದ್ದರೆ ಅಷ್ಟನ್ನೇ ತೆಗೆದು ದುರಸ್ತಿ ಮಾಡಿ: ಹಳೆ ಕಾಂಪೊಸಿಟ್ಟನ್ನು ಬರ್‌ನಿಂದ ಅಥವಾ 50 ಮೈಕ್ರಾನ್ ಅಲ್ಯೂಮಿನಾ ಪುಡಿ ಸಿಡಿಸಿ ಒರಟು ಮಾಡಿ, ಎಚ್ ಜೆಲ್‌ನಿಂದ ಶುಚಿಗೊಳಿಸಿ, ಹಳೆಯದಕ್ಕೆ ಹೊಸದನ್ನು ಹಿಡಿಸುವ ಸೈಲೇನ್ ಹಚ್ಚಿ ಒಣಗಿಸಿ, ಅಂಟು, ಕಾಂಪೊಸಿಟ್.

ಮಾಡಿಸಿಕೊಂಡವರಿಗೆ ಹೇಳಿ ಕಳಿಸಬೇಕಾದದ್ದು ಸ್ವಲ್ಪವೇ. ಕಾಂಪೊಸಿಟ್ ಬೆಳಕಿಗೇ ಗಟ್ಟಿಯಾಗಿರುವುದರಿಂದ ಮರಗಟ್ಟಿದ್ದು ಇಳಿದ ಮೇಲೆ ಊಟ ಮಾಡಬಹುದು; ಗ್ಲಾಸ್ ಅಯನೋಮರ್ ಮಾತ್ರ ಹಾಕಿದ್ದರೆ ಒಂದು ದಿನ ಆ ಕಡೆ ಗಟ್ಟಿ ಜಗಿಯಬಾರದು. ಫ್ಲೋರೈಡ್ ಪೇಸ್ಟ್, ಮೆತ್ತನೆಯ ಬ್ರಷ್, ದಿನಕ್ಕೆರಡು ಸಲ. ಅಡಿಕೆ ಜಗಿಯುವುದನ್ನು ಬಿಡಬೇಕು, ಹಲ್ಲಿಗಷ್ಟೇ ಅಲ್ಲ, ಬಾಯಿಗೇ.

ಕೇಸ್ ಪೇಪರಿನಲ್ಲಿ ಹಲ್ಲಿನ ಸಂಖ್ಯೆಯ ಜೊತೆ ಅಂಟಿನ ಹೆಸರು, ಬ್ಯಾಚ್ ಸಂಖ್ಯೆ, ಡ್ಯಾಮ್ ಕಟ್ಟಿದ್ದೋ ಇಲ್ಲವೋ, ತಳದ ಅಂಚಿನಲ್ಲಿ ಎನಾಮೆಲ್ ಇತ್ತೋ ಇಲ್ಲವೋ ಬರೆಯಿರಿ. ಎನಾಮೆಲ್ ಇಲ್ಲದ ಅಂಚಿನವರನ್ನು ಆರು ತಿಂಗಳಿಗೊಮ್ಮೆ, ಉಳಿದವರನ್ನು ವರ್ಷಕ್ಕೊಮ್ಮೆ ಕರೆಯಿರಿ. ಹಲ್ಲುಗಳ ಸಂದಿ ತೋರಿಸುವ ಬೈಟ್‌ವಿಂಗ್ ಎಕ್ಸ್-ರೇಯನ್ನು ಪ್ರತಿ ಸಲವೂ ಹೋಲ್ಡರ್ ಹಾಕಿ ಅದೇ ಕೋನದಲ್ಲಿ ತೆಗೆಯಿರಿ. ಕೋನ ಬದಲಾದರೆ ಹೋದ ವರ್ಷದ ಅಂಚನ್ನೂ ಈ ವರ್ಷದ ಅಂಚನ್ನೂ ಹೋಲಿಸಲಾಗುವುದಿಲ್ಲ.